ಎಂಟನೇ ಲಾಕಿನ ತೂಬು

ಥಾರ್ನ್‌ಲೋ ಕಾಲುವೆಯಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರಿಗೆ ಚಳಿಗಾಲದಲ್ಲಿ ಎರಡು ವಸ್ತು ತಪ್ಪದೆ ಬಾಗಿಲಿಗೆ ಬರುತ್ತಿದ್ದವು. ಒಂದು ಕಲ್ಲಿದ್ದಲು, ಇನ್ನೊಂದು ಬೈಗುಳ. ಎರಡನ್ನೂ ತರುತ್ತಿದ್ದವಳು ಗ್ಲೆನಿಸ್ ಹ್ಯಾಸಲ್. ಕಲ್ಲಿದ್ದಲಿಗೆ ದುಡ್ಡು, ಬೈಗುಳ ಬಿಟ್ಟಿ. ಎಪ್ಪತ್ತಡಿ ಉದ್ದ, ಏಳಡಿ ಅಗಲದ ಅವಳ ದೋಣಿ ದೂರದ ತಿರುವಿನಲ್ಲಿ ಟುಕುಟುಕು ಸದ್ದು ಮಾಡಿದೊಡನೆ ಜನ ಖಾಲಿ ಗ್ಯಾಸ್ ಸಿಲಿಂಡರನ್ನು ತಂದು ಹೊರಗಿಟ್ಟು, ಈ ಹದಿನೈದು ದಿನಗಳಲ್ಲಿ ತಾವು ಏನೇನು ತಪ್ಪು ಮಾಡಿದ್ದೇವೆ ಎಂದು ಒಮ್ಮೆ ಸುತ್ತ ನೋಡಿಕೊಳ್ಳುತ್ತಿದ್ದರು. ಎಷ್ಟು ನೋಡಿಕೊಂಡರೂ ಒಂದು ಉಳಿದೇ ಇರುತ್ತಿತ್ತು, ಅದು ಅವಳ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಬೆಳಗಾದರೂ ಬೈಗಾದರೂ ಬೈಗುಳವೇ.

ದೋಣಿಯ ಹೆಸರು ‘ಪೇಶೆನ್ಸ್’, ಅಂದರೆ ಸಹನೆ. ಇಟ್ಟವನು ಅವಳಪ್ಪ ಈನಕ್. ಮಗಳು ಹುಟ್ಟುವುದಕ್ಕೆ ಮೊದಲೇ ಇಟ್ಟಿದ್ದರಿಂದ ಅವನನ್ನು ದೂರುವಂತಿಲ್ಲ.

ಅವಳ ಬೈಗುಳವನ್ನು ಸೋಸಿದರೆ ಅಡಿಯಲ್ಲಿ ಬುದ್ಧಿಮಾತು ಉಳಿಯುತ್ತಿತ್ತು ಎಂಬುದನ್ನೂ ಹೇಳಬೇಕು. ದಡಕ್ಕೆ ದೋಣಿ ಕಟ್ಟುವ ಗೂಟವನ್ನು ನೆಟ್ಟಗೆ ಹೊಡೆದವರಿಗೆ, ಓರೆಯಾಗಿ ಹೊಡೆಯದ ಗೂಟ ಮೊದಲ ದೋಣಿ ಹಾದುಹೋದಾಗಲೇ ಕಿತ್ತು ಬರುತ್ತದೆ, ಆಮೇಲೆ ನಿನ್ನ ಮನೆ ಕಾಲುವೆಗೆ ಅಡ್ಡ, ನೀನು ಊರಿಗೆಲ್ಲ ಅಡ್ಡ ಎನ್ನುತ್ತಿದ್ದಳು. ಒಲೆಯ ಬೂದಿಯನ್ನು ಬಿಸಿ ಇರುವಾಗಲೇ ಬಕೆಟ್ಟಿಗೆ ತುಂಬಿ ಒಳಗಿಟ್ಟುಕೊಂಡವರಿಗೆ, ಆ ಬೂದಿಯ ಹೊಗೆಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಏಳಿಸುವ ಅಭ್ಯಾಸವೂ ಇಲ್ಲ ಎನ್ನುತ್ತಿದ್ದಳು. ಕಟ್ಟಿದ ದೋಣಿಗಳ ಪಕ್ಕ ಜೋರಾಗಿ ಹೋದವರಿಗೆ ಅವಳು ಹೇಳುತ್ತಿದ್ದುದನ್ನು ಬರೆಯುವಂತಿಲ್ಲ.

ಅವಳ ಸಿಟ್ಟು ನೆತ್ತಿಗೇರುತ್ತಿದ್ದುದು ಮಾತ್ರ ಒಂದೇ ತಪ್ಪಿಗೆ. ಅದು ತಿಳಿಯಲು ಲಾಕು ಏನೆಂದು ತಿಳಿಯಬೇಕು. ಹೆಸರಿಗೆ ಲಾಕು, ಬೀಗವಿಲ್ಲ. ಎರಡು ತುದಿಗೂ ಮರದ ಬಾಗಿಲಿರುವ ಆಳವಾದ ಕಲ್ಲುತೊಟ್ಟಿ. ದೋಣಿ ಒಳಗೆ ಬಂದಮೇಲೆ ಕೆಳಬಾಗಿಲು ಮುಚ್ಚಿ, ಮೇಲ್ಬಾಗಿಲಿನ ಬಳಿ ಎರಡು ದಡದಲ್ಲೂ ಇರುವ ತೂಬು ಎತ್ತಿದರೆ ನೀರು ತುಂಬಿ ದೋಣಿಯನ್ನು ಗುಡ್ಡದ ಒಂದು ಮೆಟ್ಟಿಲು ಹತ್ತಿಸುತ್ತದೆ. ತೂಬು ಎತ್ತುವುದು ಹಲ್ಲುಚಕ್ರ, ಚಕ್ರ ತಿರುಗಿಸುವುದು ದೋಣಿಯವರ ಸೊಂಟದಲ್ಲಿರುವ ಕಬ್ಬಿಣದ ಹ್ಯಾಂಡಲ್, ಎತ್ತಿದ ತೂಬು ಬೀಳದಂತೆ ಹಿಡಿಯುವುದು ಬೆರಳುದ್ದದ ಒಂದು ಕೊಕ್ಕೆ. ಹ್ಯಾಂಡಲನ್ನು ಚಕ್ರದಲ್ಲೇ ಬಿಟ್ಟು ಆಚೀಚೆ ಹೋದಾಗ ಕೊಕ್ಕೆ ಜಾರಿತೋ, ತೂಬಿನ ಭಾರಕ್ಕೆ ಚಕ್ರ ಗಿರ್ರನೆ ತಿರುಗಿ, ಹ್ಯಾಂಡಲ್ ಹಾರಿ, ಎದುರಿಗಿದ್ದವರ ಮುಖ ಹುಡುಕಿಕೊಂಡು ಹೋಗುತ್ತದೆ.

ಗ್ಲೆನಿಸಳ ಒಂಬತ್ತನೇ ವಯಸ್ಸಿನಲ್ಲಿ ಅದಕ್ಕೆ ಸಿಕ್ಕಿದ್ದು ಅವಳ ಮುಖ. ಆಗ ಆ ಮನೆಮಂದಿಯೆಲ್ಲ ಪೇಶೆನ್ಸ್‌ನ ಹಿಂಬದಿಯ ಎಂಟಡಿ ಕೋಣೆಯಲ್ಲಿ ಸಂಸಾರ ಮಾಡುತ್ತ, ಮುಂದೆ ಸರಕು ಹೇರಿಕೊಂಡು ತಿರುಗುತ್ತಿದ್ದರು. ಈನಕ್ ತೂಬು ಎತ್ತಿ, ಹ್ಯಾಂಡಲ್ ಅಲ್ಲೇ ಬಿಟ್ಟು, ಪೈಪು ಹಚ್ಚಲು ಗಾಳಿಗೆ ಬೆನ್ನು ತಿರುಗಿಸಿದ್ದ. ಮೂರು ಹಲ್ಲು ಹೋದವು. ದವಡೆ ಕೂಡಿಕೊಂಡಾಗ ಕೊಂಚ ಎಡಕ್ಕೆ ಕೂಡಿಕೊಂಡಿತು. ಅಪ್ಪ ಆಸ್ಪತ್ರೆಯಲ್ಲಿ ಹೇಳಿದ್ದು, ಕೊಕ್ಕೆ ಸವೆದಿತ್ತು. ಹೆಂಡತಿಗೆ ಹೇಳಿದ್ದು, ಕೊಕ್ಕೆ ಸವೆದಿತ್ತು. ಇಪ್ಪತ್ತಾರು ವರ್ಷಗಳ ನಂತರ ಸಾಯುವಾಗಲೂ ಅವನು ಕೊಕ್ಕೆಯನ್ನೇ ಬೈದ. ನನ್ನದು ತಪ್ಪಾಯಿತು ಮಗಳೇ ಎಂಬ ಒಂದು ಮಾತಿಗೆ ಅವಳು ಅಷ್ಟು ವರ್ಷ ಕಾದದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ. ದೋಣಿಯ ಜೊತೆ ಅದೇ ಹ್ಯಾಂಡಲ್ಲೂ ಅವಳ ಪಾಲಿಗೆ ಬಂತು. ಹಿಡಿಗೆ ಹಿತ್ತಾಳೆ ತೊಡಿಸಿ, ಮೂರು ಗೀರು ಹಾಕಿಸಿದ್ದ ಹ್ಯಾಂಡಲ್. ಅವಳು ಅದನ್ನು ನಡುಪಟ್ಟಿಯ ಹಿಂದೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ಚಕ್ರದಲ್ಲಿ ಹ್ಯಾಂಡಲ್ ಬಿಟ್ಟವರು ಕಂಡರೆ ಅರ್ಧ ಮೈಲಿಯಿಂದ ಕೂಗುತ್ತಿದ್ದಳು.

ಆ ನವೆಂಬರಿನಲ್ಲಿ ಅವಳ ಸಿಟ್ಟಿಗೆ ಸಾಕಷ್ಟು ಸೌದೆ ಬಿದ್ದಿತ್ತು. ಥಾರ್ನ್‌ಲೋ ಗುಡ್ಡದ ಹದಿನೈದು ಲಾಕುಗಳಲ್ಲಿ ಎಂಟರಿಂದ ಮೇಲಿನವುಗಳ ಬಾಗಿಲು ಸೋರಿ ಸೋರಿ ಜರಡಿಯಾಗಿದ್ದವು. ಹೊಸ ಬಾಗಿಲು ಹಾಕಲು ಭಾನುವಾರ ಸಂಜೆ ನಾಲ್ಕಕ್ಕೆ ಸರಪಳಿ ಬೀಳುತ್ತದೆ, ಮತ್ತೆ ತೆಗೆಯುವುದು ಮಾರ್ಚಿನಲ್ಲಿ ಎಂದು ಚೀಟಿ ಅಂಟಿಸಿದ್ದರು. ಗುಡ್ಡದ ಮೇಲೆ ಹನ್ನೆರಡು ದೋಣಿಗಳು ಚಳಿಗಾಲಕ್ಕೆಂದು ಕಟ್ಟಿಕೊಂಡಿದ್ದವು. ಅಲ್ಲಿಗೆ ಗಾಡಿಯ ದಾರಿಯಿಲ್ಲ. ಎರಡು ಮೈಲಿ ಉತ್ತ ಹೊಲ, ಆರು ಗೇಟು, ಮನುಷ್ಯರನ್ನು ಕಂಡರಾಗದ ಒಂದು ಹೋರಿ. ಹನ್ನೆರಡರಲ್ಲಿ ಒಂದು ದೋಣಿ ಕೆರಿಸ್ ಎಂಬ ಹುಡುಗಿಯದು. ಗಂಡ ವಾರವೆಲ್ಲ ಊರಲ್ಲಿ ದುಡಿಯುತ್ತಿದ್ದ, ಮಗುವಿಗೆ ಆರು ವಾರ. ಒಂದೂವರೆ ಚೀಲ ಕಲ್ಲಿದ್ದಲು ಉಳಿದಿದೆ ಎಂದು ಅವಳು ಫೋನು ಮಾಡಿದ್ದು ಗುರುವಾರ. ಭಾನುವಾರದಿಂದ ನೀರು ಹೆಪ್ಪುಗಟ್ಟುವ ಚಳಿ ಎಂದು ರೇಡಿಯೋ ಹೇಳಿದ್ದು ಶುಕ್ರವಾರ. ಕಲ್ಲಿದ್ದಲು ಡಿಪೋದವರು ಎರಡು ದಿನ ತಡಮಾಡಿ ಗ್ಲೆನಿಸಳ ದೋಣಿ ತುಂಬಿಸಿದ್ದೂ ಶುಕ್ರವಾರವೇ. ಡಿಪೋದಲ್ಲಿ ಅವಳು ಬೈದದ್ದಕ್ಕೆ ತೂಕದ ಯಂತ್ರದವನು ರಜೆ ಹಾಕಿ ಹೋದನಂತೆ.

ಶನಿವಾರ ಸೂರ್ಯ ಮುಳುಗುವ ಹೊತ್ತಿಗೆ ಅವಳು ಒಬ್ಬಳೇ ಎಂಟು ಲಾಕು ಹತ್ತಿ, ಎಂಟಕ್ಕೂ ಒಂಬತ್ತಕ್ಕೂ ನಡುವಿನ ಮಡುವಿನಲ್ಲಿ ದೋಣಿ ಕಟ್ಟಿದಳು. ಅಲ್ಲಿ ಆಗಲೇ ಇನ್ನೊಂದು ದೋಣಿ, ಗುಡ್ಡ ಇಳಿಯುತ್ತಿದ್ದದ್ದು, ನಿಂತಿತ್ತು. ಅದರ ಯಜಮಾನ ಕ್ರಿಸ್ಪಿನ್ ಪೆಟಿಫರ್, ಶಾಲೆಯೊಂದರ ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆ ತೊಳೆದು ತೊಳೆದು ಬೇಸತ್ತು ದೋಣಿ ಕೊಂಡವನು. ಕಾಲುವೆಗೆ ಬಂದು ಆರು ವಾರ, ಕೆರಿಸಳ ಮಗುವಿನಷ್ಟೇ ವಯಸ್ಸು. ಆಗಲೇ ‘ಹೊಸದಾಗಿ ದೋಣಿಗೆ ಬರುವವರಿಗೆ ಸಲಹೆಗಳು’ ಎಂದು ಒಂದು ನೋಟುಪುಸ್ತಕ ತುಂಬಿಸುತ್ತಿದ್ದ.

ಗ್ಲೆನಿಸ್ ಎಂಟನೇ ಲಾಕಿಗೆ ವಾಪಸು ನಡೆದು, ಬಾಗಿಲು ದೂಡಿ ಮುಚ್ಚಿ, ಆಚೆದಡದ ತೂಬು ಇಳಿಸಿ, ಈಚೆದಡದ ತೂಬಿನ ಬಳಿ ಬಂದು ತಲೆ ಎತ್ತಿದಾಗ ಪೆಟಿಫರನ ದೋಣಿ ಹಿಂಬದಿಗೆ ಕುಸಿಯುತ್ತಿರುವುದು ಕಂಡಿತು. ಅವನೋ ದಡದಲ್ಲಿ ಗೂಟ ಹೊಡೆಯುತ್ತಿದ್ದ, ನೆಟ್ಟಗೆ. ದೋಣಿ ತಳ್ಳುವ ನೀರಡಿಯ ಪಂಖಕ್ಕೆ ಸುತ್ತಿಕೊಂಡ ಚಿಂದಿ ತೆಗೆಯಲು ದೋಣಿಯ ಹಿಂದೆ ಒಂದು ಕಿಂಡಿಯಿರುತ್ತದೆ. ಚಿಂದಿ ತೆಗೆದವನು ಮುಚ್ಚಳವನ್ನು ತಿರುಪು ಬಿಗಿದು ಮುಚ್ಚದೆ ಎಂಜಿನ್ ಓಡಿಸಿದರೆ, ಪಂಖವೇ ನೀರನ್ನು ಎತ್ತಿ ಎತ್ತಿ ಒಳಗೆ ಸುರಿದು ದೋಣಿಯನ್ನು ಮುಳುಗಿಸುತ್ತದೆ. ಗ್ಲೆನಿಸ್ ಓಡಿದಳು. ಅರವತ್ತೆರಡರ ಹೆಂಗಸು ಆ ಪರಿ ಓಡಬಹುದೆಂದು ಪೆಟಿಫರ್ ನಂಬಿರಲಿಲ್ಲ. ಎಂಜಿನ್ ಆರಿಸಿ, ಮೊಣಕಾಲಿನ ತನಕ ನೀರಲ್ಲಿ ನಿಂತು ಮುಚ್ಚಳ ಬಿಗಿದು, ನೀರು ಹೊರಹಾಕುವ ಪಂಪು ಹಚ್ಚಿ, ಕತ್ತಲಾಗುವ ತನಕ ಬೈದಳು. ಅವನ ತಾತ ಮುತ್ತಾತರನ್ನೂ ಬಿಡಲಿಲ್ಲ. ಆಮೇಲೆ ಒದ್ದೆ ಬೂಟಿನಲ್ಲೇ ತನ್ನ ದೋಣಿಗೆ ಹೋಗಿ, ಓಟ್ಸ್ ಹಿಟ್ಟಿನ ದೋಸೆಯಂಥ ಅಲ್ಲಿಯ ಓಟ್‌ಕೇಕಿನಲ್ಲಿ ಚೀಸು ಸುತ್ತಿ ತಿಂದು ಮಲಗಿದಳು.

ಬೆಳಗ್ಗೆ ಎದ್ದಾಗ ಅವಳು ಹಾಸಿಗೆಯಲ್ಲಿರಲಿಲ್ಲ, ಗೋಡೆಯ ಮೇಲಿದ್ದಳು. ದೋಣಿ ವಾಲಿತ್ತು. ಕೆಟಲು, ಬಟ್ಟಲು, ಬೂಟು, ಅಪ್ಪನ ಫೋಟೋ ಎಲ್ಲ ಒಂದೇ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಹೊರಗೆ ಬಂದು ನೋಡಿದರೆ ಮಡುವಿನಲ್ಲಿ ನೀರೇ ಇಲ್ಲ. ಕಪ್ಪು ಕೆಸರು, ಒಂದು ಸೈಕಲ್ಲು, ಏನಾಯಿತೆಂದು ತಿಳಿಯದೆ ನಡೆದಾಡುತ್ತಿದ್ದ ಎರಡು ಬಾತುಕೋಳಿ. ಹತ್ತು ಟನ್ ಕಲ್ಲಿದ್ದಲು ಹೊತ್ತ ಪೇಶೆನ್ಸ್ ಕೆಸರಿನಲ್ಲಿ ಎಮ್ಮೆಯ ಹಾಗೆ ಮಗ್ಗುಲಾಗಿತ್ತು.

ಏನಾಗಿದೆಯೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಎಂಟನೇ ಲಾಕಿನ ಮೇಲಿನ ತೂಬನ್ನು ಯಾರೋ ಎತ್ತಿಟ್ಟು ಹೋಗಿದ್ದಾರೆ. ಮಡುವಿನ ನೀರು ಲಾಕಿಗಿಳಿದು, ಕೆಳಬಾಗಿಲ ಸಂದುಗಳಲ್ಲಿ ರಾತ್ರಿಯಿಡೀ ಸೋರಿ ಹೋಗಿದೆ. ಹ್ಯಾಂಡಲಿಗಾಗಿ ಸೊಂಟ ಮುಟ್ಟಿಕೊಂಡಳು, ಇರಲಿಲ್ಲ. ಮೂಲೆಯ ರಾಶಿಯೊಳಗೆ ಎಲ್ಲೋ ಸೇರಿರಬೇಕೆಂದು ಬೈದುಕೊಂಡು ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದುಕೊಂಡಳು. ಅಷ್ಟರಲ್ಲಿ ಏರಿಯ ಮೇಲೆ ಎಂಟನೇ ಲಾಕಿನ ಕಡೆಯಿಂದ ಪೆಟಿಫರ್ ಬರುತ್ತಿದ್ದ, ಬಗಲಲ್ಲಿ ಬಟ್ಟೆಯ ಚೀಲ, ಮುಖದಲ್ಲಿ ಕಳ್ಳಕಳೆ. ಇನ್ನೊಂದು ಕಡೆಯಿಂದ ಸೈಕಲ್ ತಳ್ಳಿಕೊಂಡು ಮಾರ್ವಿನ್ ಟ್ರಬ್‌ಶಾ ಬಂದ. ನಿವೃತ್ತ ಅಂಚೆಯವನು, ಈಗ ಸಂಬಳವಿಲ್ಲದೆ ಲಾಕು ಕಾಯುವವನು, ಕಂಡದ್ದನ್ನೆಲ್ಲ ಬರೆದುಕೊಳ್ಳುವವನು.

“ಏನ್ ಡಕ್, ನೀರೆಲ್ಲ ನೀನೇ ಕುಡಿದ್ಯಾ?” ಎಂದ ಟ್ರಬ್‌ಶಾ. ಆ ಸೀಮೆಯಲ್ಲಿ ಎಲ್ಲರೂ ಎಲ್ಲರಿಗೂ ಡಕ್, ಬಾತುಕೋಳಿ. ಗ್ಲೆನಿಸ್ ಮಾತ್ರ ಬಾತುಕೋಳಿಗಳನ್ನಷ್ಟೇ ಹಾಗೆ ಕರೆಯುತ್ತಿದ್ದಳು.

ಅವಳು ಅವನ ಕಡೆ ತಿರುಗಲೂ ಇಲ್ಲ. ಪೆಟಿಫರನನ್ನು ಕೇಳಿದಳು. “ನಿನ್ನೆ ನಾನು ಬರ್ತಿದ್ದಾಗ ಆ ಲಾಕಿನ ಹತ್ರ ಏನ್ ಕಡಿದು ಕಟ್ಟೆ ಹಾಕೋಕೆ ಹೋಗಿದ್ದೆ ನೀನು?”

“ಇವತ್ತು ಇಳೀಬೇಕಲ್ಲ ಅಂತ ನೋಡೋಕೆ ಹೋಗಿದ್ದೆ, ಮಿಸ್ ಹ್ಯಾಸಲ್.”

“ನೋಡೋಕೆ. ಕಣ್ಣಲ್ಲಿ ನೋಡಿದ್ಯಾ, ಹ್ಯಾಂಡಲ್ ಹಾಕಿ ನೋಡಿದ್ಯಾ?”

ಅವನು ಬಗಲ ಚೀಲವನ್ನು ಇನ್ನಷ್ಟು ಒತ್ತಿಕೊಂಡ. ಅವಳು ಟ್ರಬ್‌ಶಾನಿಗೆ ಕೇಳಿಸುವಂತೆ ಹೇಳತೊಡಗಿದಳು: ತಾನು ಬಾಗಿಲು ಮುಚ್ಚಿದ್ದೇನೆ, ತೂಬು ಇಳಿಸಿದ್ದೇನೆ, ಐವತ್ತು ವರ್ಷ ಇಳಿಸಿದ್ದೇನೆ. ಇವನಂಥವರು ತನ್ನ ಬೆನ್ನ ಹಿಂದೆ ಮತ್ತೆ ಬಂದು, ಬೆಳಗಿನ ಅನುಕೂಲಕ್ಕೆಂದು ರಾತ್ರಿಯೇ ತೂಬು ಎತ್ತಿಟ್ಟು ಹೋಗುತ್ತಾರೆ. ಮೇಲೆ ಹಸುಗೂಸು ಚಳಿಗೆ ನಡುಗುತ್ತದೆ, ಇವನು ಅದನ್ನೂ ಪುಸ್ತಕದಲ್ಲಿ ಸಲಹೆ ಅಂತ ಬರೆದುಕೊಳ್ಳುತ್ತಾನೆ. ಹೇಳುತ್ತ ಹೇಳುತ್ತ ದನಿ ಏರಿ, ಬಾತುಕೋಳಿಗಳು ಆಚೆದಡ ಸೇರಿದವು.

ಟ್ರಬ್‌ಶಾ ಪೆನ್ಸಿಲ್ ತೆಗೆದು, “ತೂಬು ಬಿಟ್ಟಿದ್ದು ಯಾರು ಅಂತ ಬರೀಲಿ?” ಎಂದ.

ಪೆಟಿಫರ್ ಒಮ್ಮೆ ಅವಳ ಒದ್ದೆ ಬೂಟು ನೋಡಿದ. “ನಾನೇ ಇರ್ಬೇಕು,” ಎಂದ.

ಇರಬೇಕಂತೆ. ಆ ಒಂದು ಪದಕ್ಕೆ ಅವಳು ಇನ್ನೂ ಐದು ನಿಮಿಷ ಬೈದಳು. ಕೊಕ್ಕೆ ಸವೆದಿತ್ತು ಅನ್ನುವುದಕ್ಕೂ ಇರಬೇಕು ಅನ್ನುವುದಕ್ಕೂ ಅವಳಿಗೆ ವ್ಯತ್ಯಾಸ ಕಾಣಲಿಲ್ಲ. ತಪ್ಪು ಮಾಡಿದವನು ಮಾಡಿದೆ ಅನ್ನಬೇಕು, ಅರ್ಧ ಒಪ್ಪುವವನು ಒಪ್ಪದವನಿಗಿಂತ ಕಡೆ ಎಂದಳು.

ಒಣಗಿದ ಮಡುವಿಗೆ ನೀರು ತರುವ ದಾರಿ ಒಂದೇ, ಗುಡ್ಡದ ತುದಿಯಿಂದ ಒಂದೊಂದು ಲಾಕಿನಲ್ಲೂ ಹನಿಸಿಕೊಂಡು ಇಳಿಸುವುದು. ಆತುರಪಟ್ಟರೆ ಮೇಲಿನ ಮಡುವೂ ಖಾಲಿ. ಟ್ರಬ್‌ಶಾ ಮೇಲೆ ಹೋಗಿ ತೂಬು ಎತ್ತಿದ, ಗ್ಲೆನಿಸ್ ಒಂಬತ್ತರಲ್ಲಿ ನಿಂತಳು, ನಡುವಿನವುಗಳಿಗೆ ಪೆಟಿಫರ್ ಓಡಾಡಿದ. ಅವನ ಹಗುರ ದೋಣಿ ಹನ್ನೊಂದು ಗಂಟೆಗೇ ತೇಲಿತು. ಸರಪಳಿ ಬೀಳುವ ಮೊದಲು ಅವನು ಇಳಿಯಬೇಕಾದದ್ದು ಎಂಟನೇದು ಒಂದೇ ಲಾಕು. ಇಳಿದು ತನ್ನ ಪಾಡಿಗೆ ಹೋಗಬಹುದಿತ್ತು, ಹೋಗಲಿಲ್ಲ. ಪೇಶೆನ್ಸ್ ಕೆಸರು ಬಿಟ್ಟು ಎದ್ದಾಗ ಒಂದೂವರೆ. ಇನ್ನು ಏಳು ಲಾಕು, ಎರಡೂವರೆ ಗಂಟೆ. ಒಬ್ಬಳೇ ಆದರೆ ಮೂರೂವರೆ ಬೇಕು. ಸರಪಳಿ ಹಾಕುವ ಕೆಲಸದವರು ಮೇಲೆ ನಾಲ್ಕಕ್ಕೆ ಸರಿಯಾಗಿ ಬರುತ್ತಾರೆ, ತನ್ನ ಮಾತು ಅಲ್ಲಿ ನಡೆಯುವುದಿಲ್ಲ ಎಂದು ಟ್ರಬ್‌ಶಾ ಮೊದಲೇ ಹೇಳಿಬಿಟ್ಟಿದ್ದ.

“ನಾನು ಮುಂದೆ ಹೋಗಿ ಒಂದೊಂದೇ ಸಿದ್ಧ ಮಾಡ್ತೀನಿ,” ಎಂದ ಪೆಟಿಫರ್.

“ಮಾಡದೆ ಏನು. ಕೆಡಿಸಿದವನು ನೀನು.”

ಒಬ್ಬರು ಮುಂದಿನ ಲಾಕು ಖಾಲಿ ಮಾಡಿ ಬಾಗಿಲು ತೆರೆದಿಟ್ಟರೆ ಇನ್ನೊಬ್ಬರು ನಿಲ್ಲದೆ ದೋಣಿ ನುಗ್ಗಿಸಬಹುದು. ಒಂಬತ್ತು, ಹತ್ತು, ಹನ್ನೊಂದು. ಅವನು ಕೆಲಸ ಕಲಿಯುತ್ತಿದ್ದಾನೆಂದು ಅವಳಿಗೆ ಕಾಣುತ್ತಿತ್ತು; ಅದಕ್ಕೂ ಸಿಟ್ಟು ಬಂತು. ನಿನ್ನೆಯೇ ಕಲಿತಿದ್ದರೆ ಇವತ್ತು ಇದೆಲ್ಲ ಬೇಕಿರಲಿಲ್ಲ ಎಂದು ಕೂಗಿದಳು. ಕೆರಿಸ್ ಫೋನು ಮಾಡಿ, ಇಂದು ಬೆಳಗಿನಿಂದ ಒಲೆ ಸಣ್ಣಗೆ ಉರಿಸುತ್ತಿದ್ದೇನೆ, ನೀವು ಬರುತ್ತೀರಿ ತಾನೇ ಎಂದು ಕೇಳಿದಳು. ಬರುತ್ತೇನೆ ಎನ್ನಲು ಗ್ಲೆನಿಸಳಿಗೆ ಬಾಯಿ ಬರಲಿಲ್ಲ. ಚಳಿಗೆಂದು ಗಾಳಿಕಿಂಡಿಗೆ ಕಾಲುಚೀಲ ತುರುಕಿದ್ದರೆ ತೆಗಿ, ಬಣ್ಣವಿಲ್ಲದ ಆ ಹೊಗೆ ಒಳಗೇ ನಿಲ್ಲುತ್ತದೆ ಅಂತ ಮಾತ್ರ ಹೇಳಿ ಇಟ್ಟಳು.

ಹದಿಮೂರನೇ ಲಾಕಿನಲ್ಲಿ ಮೂರು ಗಂಟೆ ಹತ್ತು ನಿಮಿಷ. ಪೆಟಿಫರ್ ಬಾಗಿಲ ತೊಲೆಗೆ ಬೆನ್ನು ಕೊಟ್ಟು ಉಸಿರು ತೆಗೆದುಕೊಳ್ಳುತ್ತ ನಿಂತಿದ್ದ. ಅವನನ್ನು ಹದಿನಾಲ್ಕಕ್ಕೆ ಅಟ್ಟಲೆಂದು ಗ್ಲೆನಿಸ್ ಕೈಯಲ್ಲಿದ್ದ ಹ್ಯಾಂಡಲನ್ನು ಝಳಪಿಸಿದಳು. ಕೆಸರು ಮೆತ್ತಿದ ಕೈಗವಸು. ಹ್ಯಾಂಡಲ್ ಜಾರಿ, ಗಾಳಿಯಲ್ಲೊಂದು ಲಾಗ ಹಾಕಿ, ಹನ್ನೆರಡಡಿ ನೀರಿಗೆ ಬಿತ್ತು.

ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಹುಡುಕಬಹುದಿತ್ತು, ಹೊತ್ತಿರಲಿಲ್ಲ. ಇಬ್ಬರ ನಡುವೆ ಉಳಿದದ್ದು ಪೆಟಿಫರನ ಒಂದು ಹ್ಯಾಂಡಲ್. ಒಂದೇ ಆದರೆ ಮುಂದೆ ಹೋಗಿ ಲಾಕು ಸಿದ್ಧ ಮಾಡುವವರಿಲ್ಲ; ಸಿದ್ಧ ಮಾಡದಿದ್ದರೆ ನಾಲ್ಕು ದಾಟುತ್ತದೆ. ಗ್ಲೆನಿಸ್ ಆಡಿದ ಮಾತಿಗೆ ಹೊಲದ ಹೋರಿ ತಲೆ ಎತ್ತಿ ನೋಡಿತು.

ಪೆಟಿಫರ್ ಬಗಲ ಚೀಲಕ್ಕೆ ಕೈ ಹಾಕಿದ, ಟ್ರಬ್‌ಶಾ ಹತ್ತಿರದಲ್ಲಿಲ್ಲವೆಂದು ನೋಡಿಕೊಂಡ. ಆಮೇಲೆ ತೆಗೆದು ಕೊಟ್ಟ. ಹಿತ್ತಾಳೆಯ ಹಿಡಿ, ಮೂರು ಗೀರು.

ಅವಳು ಅದನ್ನು ಹಿಡಿದುಕೊಂಡು ನೋಡಿದಳು. “ಎಲ್ಲಿತ್ತು ಇದು?”

“ಎಂಟರಲ್ಲಿ. ಈಚೆದಡದ ತೂಬಿನಲ್ಲಿ. ಬೆಳಗ್ಗೆ ನೀರಿಲ್ಲ ಅಂತ ನೋಡೋಕೆ ಹೋದಾಗ ಚಕ್ರದಲ್ಲೇ ಇತ್ತು. ತೂಬು ಪೂರ್ತಿ ಎತ್ತಿತ್ತು. ನಾನು ಇಳಿಸಿ ತಗೊಂಡು ಬಂದೆ.”

ಈಚೆದಡದ ತೂಬು. ಬಂದದ್ದು ನೆನಪಿತ್ತು, ಹ್ಯಾಂಡಲ್ ತೊಡಿಸಿದ್ದು ನೆನಪಾಯಿತು, ತಲೆ ಎತ್ತಿದ್ದು ನೆನಪಾಯಿತು. ತಿರುಗಿಸಿದ್ದು ಎಷ್ಟು ಹುಡುಕಿದರೂ ಸಿಗಲಿಲ್ಲ.

“ನನ್ನ ದೋಣಿ ಮುಳುಗ್ತಿತ್ತು, ನೀವು ಓಡಿ ಬಂದ್ರಿ,” ಎಂದ ಪೆಟಿಫರ್. “ಅದಕ್ಕೇ ಅಲ್ವಾ ಬಿಟ್ಟುಹೋಗಿದ್ದು. ಟ್ರಬ್‌ಶಾ ಬರ್ಕೊಳ್ತಿದ್ರಲ್ಲ, ನಿಮ್ಮ ಹೆಸರು ಯಾಕೆ ಅಂತ...”

ಅವಳ ಮುಖ ಕೆಂಪಾಗಿ, ಎಡಕ್ಕೆ ವಾಲಿದ ದವಡೆ ಇನ್ನಷ್ಟು ವಾಲಿತು. “ನಿನ್ನ ದೋಣಿ ಕಾರಣ ಕಣೋ. ತಪ್ಪು ನಂದು. ಅದೂ ಇದೂ ಒಂದೇ ಅಂತ ಯಾವನು ಹೇಳ್ಕೊಟ್ಟ ನಿಂಗೆ? ನನ್ನ ತಪ್ಪನ್ನ ಕದ್ದು ಚೀಲದಲ್ಲಿ ಇಟ್ಕೊಳ್ಳೋಕೆ ಯಾರು ನೀನು? ಬೆಳಗ್ಗಿಂದ ನಾಯಿ ಥರ ಬೈಸ್ಕೊಂಡ್ಯಲ್ಲ, ಬಾಯಿಲ್ವಾ?”

“ನೀವು ಬಿಟ್ರೆ ತಾನೇ,” ಎಂದ ಪೆಟಿಫರ್. ಆರು ವಾರದಲ್ಲಿ ಅವನು ಅವಳೆದುರು ಆಡಿದ ಮೊದಲ ಖಾರದ ಮಾತು ಅದು.

ಹೋಗು, ಹದಿನಾಲ್ಕು ಖಾಲಿ ಮಾಡು ಎಂದಳು. ಅವನು ಓಡಿದ. ಅವಳು ಅಪ್ಪನ ಹ್ಯಾಂಡಲ್ ಹಾಕಿ ತೂಬು ಎತ್ತಿದಳು, ತೆಗೆದು ಸೊಂಟಕ್ಕೆ ಸಿಕ್ಕಿಸಿದಳು, ಮುಟ್ಟಿ ನೋಡಿಕೊಂಡಳು. ಪೈಪು ಹಚ್ಚುವವನ ಬೆನ್ನು ಕಣ್ಣಮುಂದೆ ಬಂತು. ಅಂದು ಆ ಬೆನ್ನಿನ ಮೇಲೆ ಬಂದ ಸಿಟ್ಟು ಇನ್ನೂ ಹಾಗೇ ಇತ್ತು. ಈಗ ಅದರ ಪಕ್ಕದಲ್ಲೇ ತನ್ನ ಬೆನ್ನೂ ನಿಂತಿತ್ತು, ಅದರ ಮೇಲೂ ಅಷ್ಟೇ ಸಿಟ್ಟು.

ಹದಿನೈದನೇ ಲಾಕಿನಿಂದ ಪೇಶೆನ್ಸ್ ಹೊರಬಿದ್ದಾಗ ನಾಲ್ಕಕ್ಕೆ ಆರು ನಿಮಿಷ. ಕೆಲಸದವರು ಸರಪಳಿ ಹಿಡಿದು ನಿಂತಿದ್ದರು. ಟ್ರಬ್‌ಶಾ, ಗೆದ್ದೆ ಡಕ್ ಎಂದು ಟೋಪಿ ಎತ್ತಿದ. ಗ್ಲೆನಿಸ್ ದೋಣಿ ಕಟ್ಟಿ, ಗೂಟ ಓರೆಯಾಗಿ ಹೊಡೆದು, ಬಾಗಿಲು ಮುಚ್ಚಿ, ಎರಡೂ ತೂಬು ಇಳಿಸಿ, ನೇರ ಅವನ ಬಳಿಗೆ ಬಂದಳು.

“ಆ ಪುಸ್ತಕ ತೆಗಿ, ಮಾರ್ವಿನ್. ಪೆಟಿಫರ್ ಅಂತ ಬರ್ದಿದ್ಯಲ್ಲ, ಹೊಡೆದು ಹಾಕು. ಎಂಟನೇ ಲಾಕು, ಮೇಲಿನ ತೂಬು, ಗ್ಲೆನಿಸ್ ಹ್ಯಾಸಲ್. ಹ್ಯಾಂಡಲ್ ಚಕ್ರದಲ್ಲೇ ಬಿಟ್ಟು ಹೋಗಿದ್ಲು ಅಂತಾನೂ ಬರಿ.”

ಟ್ರಬ್‌ಶಾ ನಕ್ಕ. ನೀನು ಹ್ಯಾಂಡಲ್ ಬಿಡುವುದೇ, ಕೊಕ್ಕೆ ಗಿಕ್ಕೆ ಏನಾದರೂ ಕೆಟ್ಟಿರಬೇಕು ಎಂದ. ಅವನು ಒಳ್ಳೆಯ ಮನಸ್ಸಿನಿಂದ ಹೇಳಿದ್ದು.

“ಕೊಕ್ಕೆಗೇನೂ ಆಗಿರ್ಲಿಲ್ಲ,” ಎಂದಳು ಗ್ಲೆನಿಸ್. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಹೇಳಿದಂತೆಯೇ ಬರೆದುಕೊಂಡ.

ಸರಪಳಿಯನ್ನು ಮೇಲಿನ ಲಾಕಿನಿಂದ ಒಂದೊಂದಾಗಿ ಹಾಕುತ್ತ ಇಳಿಯುವುದರಿಂದ, ಎಂಟಕ್ಕೆ ಬೀಳುವ ಮೊದಲು ಪೆಟಿಫರ್ ಅದನ್ನು ದಾಟಬೇಕಿತ್ತು. ಹೊರಟವನನ್ನು ಅವಳು ಕೂಗಿ ನಿಲ್ಲಿಸಿದಳು. ನಿನ್ನ ಸಲಹೆ ಪುಸ್ತಕದಲ್ಲೂ ಇದನ್ನು ಬರಿ, ಹೆಸರು ಸಮೇತ ಬರಿ ಎಂದಳು. ಕಿಂಡಿಯ ಮುಚ್ಚಳ ನೋಡದೆ ಎಂಜಿನ್ ಹಚ್ಚಿದರೆ ಗೊತ್ತಲ್ಲ ಎಂದಳು. ಅವನು ಹತ್ತು ಹೆಜ್ಜೆ ಹೋದ ಮೇಲೆ ಒಂದು ಚೀಲ ಕಲ್ಲಿದ್ದಲನ್ನು ಹೊತ್ತು ತಂದು ಅವನ ಹೆಗಲಿಗೆ ಒಗೆದಳು. ಏಳು ಲಾಕು ಹೊತ್ತುಕೊಂಡು ಇಳಿಯಬೇಕೇ ಎಂದು ಅವನು ಕೇಳಿದ. ಹೂಂ ಎಂದಳು.

ಆಮೇಲೆ ಅವಳು ಮೊದಲ ಚೀಲ ಇಳಿಸಿದ್ದು ಕೆರಿಸಳ ದೋಣಿಗೆ. ಒಳಗೆ ಒಲೆಯಲ್ಲಿ ಕೆಂಡ ಬೂದಿಯಾಗುತ್ತಿತ್ತು. ಮೂರು ಕಂಬಳಿಯ ನಡುವೆ ಮಗುವಿನ ಮೂಗು ಮಾತ್ರ ಕಾಣುತ್ತಿತ್ತು. ಗ್ಲೆನಿಸ್ ಮಂಡಿಯೂರಿ ಒಲೆ ತುಂಬಿ, ಅದರ ಬಾಯಿ ತೆರೆದಿಟ್ಟು ಕೆಂಡ ಕೆಂಪಾಗುವ ತನಕ ಕಾದಳು. ಎದ್ದು ಸುತ್ತ ನೋಡಿದಳು. ಬಾಗಿಲ ಮೇಲಿನ ಗಾಳಿಕಿಂಡಿಯಲ್ಲಿ ಗಂಡಸಿನ ದಪ್ಪ ಉಣ್ಣೆಯ ಕಾಲುಚೀಲ ಹಾಗೆಯೇ ತುರುಕಿತ್ತು.

ಕೆರಿಸ್ ಅದನ್ನು ನೋಡಿ, ಇವಳನ್ನು ನೋಡಿ, ಕಣ್ಣು ಮುಚ್ಚಿಕೊಂಡಳು.

ಗ್ಲೆನಿಸಳ ಕೈ ತಾನಾಗಿ ಸೊಂಟದ ಹಿಂದಕ್ಕೆ ಹೋಯಿತು. ಹ್ಯಾಂಡಲ್ ಇತ್ತು. ಆಮೇಲೆ ಕಾಲುಚೀಲ ಕಿತ್ತು, ಬಾಯಿ ತೆರೆದಳು.